ಸಾಗಿಸಿದ ವಿಎಂ ಏಳದಿದ್ದರೆ: ವರ್ಚುವಲ್ ಯಂತ್ರದ ಸ್ಥಳಾಂತರಕ್ಕೊಂದು ಮಾರ್ಗದರ್ಶಿ

ನಮ್ಮೂರಿನ ಒಂದು ಅಚ್ಚುಕೂಟದಲ್ಲಿ ಹದಿನೈದು ವರ್ಷಗಳ ಲಗ್ನಪತ್ರಿಕೆಗಳು, ಜಾತ್ರೆಯ ಕರಪತ್ರಗಳು, ಸಹಕಾರ ಸಂಘಗಳ ವಾರ್ಷಿಕ ವರದಿಗಳು ಪೇಜ್‌ಮೇಕರ್ ಫೈಲುಗಳಾಗಿ ಕೂತಿವೆ. ಅಕ್ಷರಗಳೆಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನವು. ಆ ಫೈಲುಗಳನ್ನು ತಪ್ಪಿಲ್ಲದೆ ತೆರೆಯುವುದು ಒಂದೇ ಒಂದು ಯಂತ್ರ: ವರ್ಚುವಲ್‌ಬಾಕ್ಸ್ ಒಳಗೆ ಓಡುವ ವಿಂಡೋಸ್ ಎಕ್ಸ್‌ಪಿ. ಇದೊಂದು ವರ್ಚುವಲ್ ಯಂತ್ರ, ಚಿಕ್ಕದಾಗಿ ವಿಎಂ: ನಿಜವಾದ ಕಂಪ್ಯೂಟರಿನೊಳಗೆ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್. ಅದನ್ನು ಹೊತ್ತಿದ್ದ ಕಂಪ್ಯೂಟರ್ ಹಳೆಯದಾಯಿತು, ಹೊಸದು ಬಂತು, ಅದರಲ್ಲಿ ಲಿನಕ್ಸ್ ಮತ್ತು ಅದರಲ್ಲಿ ವಿಎಂ ಓಡಿಸುವ ಕೆವಿಎಂ ಕೂರಿಸಿದೆವು. ವಿಎಂನ ಹಾರ್ಡ್ ಡಿಸ್ಕೆಲ್ಲ ಅಡಗಿರುವ ಡಿಸ್ಕ್ ಫೈಲನ್ನು ನಕಲು ಮಾಡಿ, ಬಗೆ ಬದಲಿಸಿ, ಶುರು ಮಾಡಿದೆ. ವಿಂಡೋಸ್ ಚಿಹ್ನೆ ಮೂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ನೀಲಿ ಪರದೆ, ಮತ್ತೆ ಮೊದಲಿನಿಂದ. ಹೀಗೆಯೇ ಸುತ್ತು. ಅಚ್ಚುಕೂಟದ ಯಜಮಾನರು ಹಿಂದೆ ನಿಂತು, "ನಮ್ಮ ಫೈಲುಗಳು ಹೋದವೇ?" ಎಂದು ಕೇಳಿದ ದನಿ ನನಗೆ ಇನ್ನೂ ನೆನಪಿದೆ.

ಫೈಲುಗಳು ಹೋಗಿರಲಿಲ್ಲ. ಇಂಥ ಹೊತ್ತಿನಲ್ಲಿ ಅವು ಹೋಗಿರುವುದು ತೀರಾ ಅಪರೂಪ. ವಿಎಂ ಸಾಗಿಸುವಾಗ ಡಿಸ್ಕಿನ ಒಳಗಿನದೆಲ್ಲ ಬಹುತೇಕ ಯಾವಾಗಲೂ ಸುರಕ್ಷಿತವಾಗಿಯೇ ಬಂದಿರುತ್ತದೆ. ಬದಲಾಗುವುದು ಅದರ ಸುತ್ತಲಿನ ಯಂತ್ರಾಂಶ: ಡಿಸ್ಕಿಗೆ ದಾರಿ ತೋರುವ ಕಂಟ್ರೋಲರ್, ಬೂಟ್ ಮಾಡಿಸುವ, ಅಂದರೆ ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್, ನೆಟ್‌ವರ್ಕ್ ಕಾರ್ಡು, ಗಡಿಯಾರ. ಕಾರ್ಯಾಚರಣೆ ವ್ಯವಸ್ಥೆ ಹಳೆಯ ಮದರ್‌ಬೋರ್ಡಿನ ನೆನಪಿನಲ್ಲೇ ಏಳಲು ಹೋಗಿ ಎಡವುತ್ತದೆ. ಹಾಗಾಗಿ ನಾನು ಪಾಲಿಸುವ ಕ್ರಮ ಒಂದೇ. ಹೊಸ ಜಾಗದಲ್ಲಿ ಮೊದಲು ಹಳೆಯದನ್ನು ಆದಷ್ಟು ಹೋಲುವ ಯಂತ್ರಾಂಶ ಕೊಟ್ಟು ವಿಎಂ ಅನ್ನು ಎಬ್ಬಿಸಬೇಕು. ವೇಗದ ಡ್ರೈವರು, ಹೊಸ ಸೌಲಭ್ಯಗಳೆಲ್ಲ ಆಮೇಲೆ, ಒಂದೊಂದಾಗಿ.

ಬ್ರಾಡ್‌ಕಾಮ್ ಸಂಸ್ಥೆ 2023ರ ನವೆಂಬರಿನಲ್ಲಿ ವಿಎಂ ತಂತ್ರಾಂಶ ಮಾಡುವ ವಿಎಂವೇರ್ ಕಂಪನಿಯನ್ನು ಕೊಂಡ ಮೇಲೆ, ಅದರಲ್ಲೂ 2024ರ ಆರಂಭದಲ್ಲಿ ಅದರ ಇಎಸ್‌ಎಕ್ಸ್‌ಐ ತಂತ್ರಾಂಶದ ಉಚಿತ ಆವೃತ್ತಿ ನಿಂತಾಗ, ಇಂಥ ಸ್ಥಳಾಂತರಗಳು ಬಹಳ ಹೆಚ್ಚಿದವು. 2025ರಲ್ಲಿ ಉಚಿತ ಆವೃತ್ತಿ ಮರಳಿತಾದರೂ ಹೊರಟವರು ಹೊರಟಾಗಿತ್ತು. ಇಲ್ಲಿ ಹೇಳಿರುವುದು ಮುಖ್ಯವಾಗಿ ವರ್ಚುವಲ್‌ಬಾಕ್ಸ್ ಅಥವಾ ವಿಎಂವೇರ್‌ನಿಂದ ಕೆವಿಎಂಗೆ ಬರುವವರಿಗಾಗಿ. ಪ್ರಾಕ್ಸ್‌ಮಾಕ್ಸ್ ಬಳಸುವವರೂ ಇದರಲ್ಲಿ ಸೇರಿದರು, ಅದರ ಒಳಗಿರುವುದೂ ಕೆವಿಎಂ.

ಹಳೆಯ ಜಾಗದಲ್ಲೇ ಮುಗಿಸಬೇಕಾದ ಕೆಲಸ

ಹೊಸ ಜಾಗದಲ್ಲಿ ಕಾಡುವ ತೊಂದರೆಗಳಲ್ಲಿ ಅರ್ಧದಷ್ಟನ್ನು ಹಳೆಯ ಜಾಗದಲ್ಲಿ ಅರ್ಧ ಗಂಟೆ ಕೂತು ತಡೆಯಬಹುದು. ಆತುರದಲ್ಲಿ ಎಲ್ಲರೂ ಬಿಡುವುದು ಇದನ್ನೇ.

ಮೊದಲು ಸ್ನ್ಯಾಪ್‌ಶಾಟ್‌ಗಳನ್ನು, ಅಂದರೆ ಬೇಕೆಂದಾಗ ಮರಳಲು ಉಳಿಸಿಟ್ಟ ವಿಎಂನ ಹಿಂದಿನ ಸ್ಥಿತಿಗಳನ್ನು, ನೋಡಿ. ಸ್ನ್ಯಾಪ್‌ಶಾಟ್ ತೆಗೆದ ದಿನದಿಂದ ಆದ ಬದಲಾವಣೆಗಳೆಲ್ಲ ಬೇರೆ ಫೈಲಿನಲ್ಲಿ ಸೇರುತ್ತಿರುತ್ತವೆ. ಮೂಲ ಡಿಸ್ಕ್ ಫೈಲನ್ನು ಮಾತ್ರ ಹೊತ್ತು ತಂದರೆ ವಿಎಂ ಸರಿಯಾಗಿಯೇ ಏಳುತ್ತದೆ, ಆದರೆ ಎರಡು ವರ್ಷ ಹಿಂದಿನ ಸ್ಥಿತಿಯಲ್ಲಿ. ದೋಷದ ಸಂದೇಶವೇ ಬರುವುದಿಲ್ಲ, ಅದೇ ಇದರ ಅಪಾಯ. ವಿಎಂವೇರ್ ಫೋಲ್ಡರಿನಲ್ಲಿ ಹೆಸರಿನ ಕೊನೆಗೆ 000001 ಎಂಬಂತಹ ಅಂಕಿ ಇರುವ ಡಿಸ್ಕ್ ಫೈಲುಗಳು ಕಂಡರೆ ಸ್ನ್ಯಾಪ್‌ಶಾಟ್ ಇದೆ ಎಂದು ತಿಳಿಯಿರಿ. ಸ್ನ್ಯಾಪ್‌ಶಾಟ್ ನಿರ್ವಹಣೆಯ ಕಿಟಕಿಯಿಂದ ಅವನ್ನು ಅಳಿಸಿದರೆ ಬದಲಾವಣೆಗಳು ಮೂಲದೊಳಗೆ ಕೂಡಿಕೊಳ್ಳುತ್ತವೆ. ಫೋಲ್ಡರಿಗೆ ಹೋಗಿ ಫೈಲುಗಳನ್ನೇ ಅಳಿಸಲು ಹೋಗಬೇಡಿ, ಆಗ ನಿಜವಾಗಿಯೂ ಕೆಲಸ ಕೆಡುತ್ತದೆ.

ಎರಡನೆಯದು, ಪೂರ್ತಿ ಶಟ್‌ಡೌನ್. ಸಸ್ಪೆಂಡ್ ಮಾಡಿದ, ಅಂದರೆ ಸ್ಥಿತಿ ಉಳಿಸಿ ಮಲಗಿಸಿದ ವಿಎಂ ಬೇರೆ ತಂತ್ರಾಂಶದಲ್ಲಿ ಎಚ್ಚರಗೊಳ್ಳುವುದಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಆಗಿದ್ದರೆ ಸಾಮಾನ್ಯ ಶಟ್‌ಡೌನ್ ಕೂಡ ಅರೆನಿದ್ರೆಯೇ. ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಆರಿಸಿದರೆ ಪೂರ್ತಿ ನಿಲ್ಲುತ್ತದೆ.

ಮೂರನೆಯದು, ವಿಎಂ ಒಳಗೆ ಹಾಕುವ ಸಹಾಯಕ ತಂತ್ರಾಂಶಗಳಾದ ವಿಎಂವೇರ್ ಟೂಲ್ಸ್ ಅಥವಾ ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಷನ್ಸ್ ಇದ್ದರೆ ಇಲ್ಲಿಯೇ ತೆಗೆಯಿರಿ. ವಿಎಂವೇರ್ ಟೂಲ್ಸ್ ಅಂತೂ ಹೊಸ ಜಾಗಕ್ಕೆ ಹೋದ ಮೇಲೆ, ತಾನು ವಿಎಂವೇರ್ ಒಳಗಿಲ್ಲ ಎಂದು ಹೇಳಿ ಅನ್‌ಇನ್‌ಸ್ಟಾಲ್ ಆಗಲು ಒಪ್ಪದೆ ಕೂರುತ್ತದೆ. ಆಮೇಲೆ ಅದನ್ನು ಕೀಳುವುದು ಬೇಸರದ ಕೆಲಸ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದನ್ನು ಆಫ್ ಮಾಡಿ, ಇಲ್ಲವೇ ಕಡೇಪಕ್ಷ ರಿಕವರಿ ಕೀಲಿಯ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಹೊಸ ಜಾಗದ ಟಿಪಿಎಂ, ಅಂದರೆ ಆ ಬೀಗದ ಕೀಲಿ ಕಾಯುವ ಭದ್ರತಾ ಚಿಪ್, ಬೇರೆಯದಾದ್ದರಿಂದ ಅದು ಕೀಲಿ ಕೇಳಿಯೇ ಕೇಳುತ್ತದೆ. ವಿಎಂ ಒಳಗೆ ಡೊಮೇನ್ ಖಾತೆಯಿಂದ, ಅಂದರೆ ಕಚೇರಿಯ ಸರ್ವರ್ ಪರಿಶೀಲಿಸುವ ಖಾತೆಯಿಂದ ಮಾತ್ರ ಲಾಗಿನ್ ಆಗುವ ಅಭ್ಯಾಸವಿದ್ದರೆ ಸ್ಥಳೀಯ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಒಮ್ಮೆ ಪರೀಕ್ಷಿಸಿ. ನೆಟ್‌ವರ್ಕ್ ಇಲ್ಲದ ಮೊದಲ ದಿನ ಅದೊಂದೇ ಕೈಹಿಡಿಯುವುದು.

ಕೊನೆಗೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಡಿ: ಫರ್ಮ್‌ವೇರ್ ಹಳೆಯ ಬಗೆಯ ಬಯಾಸೋ ಹೊಸ ಬಗೆಯ ಯುಇಎಫ್‌ಐಯೋ, ಡಿಸ್ಕ್ ಇರುವುದು ಐಡಿಇ, ಸಾಟಾ, ಸ್ಕಸಿ ಎಂಬ ಜೋಡಣೆಯ ಬಗೆಗಳಲ್ಲಿ ಯಾವುದರ ಮೇಲೆ, ನೆಟ್‌ವರ್ಕ್ ಕಾರ್ಡಿನ ಮಾದರಿ ಮತ್ತು ಮ್ಯಾಕ್ ವಿಳಾಸ, ಐಪಿ ವಿಳಾಸ, ಮೆಮೊರಿ ಎಷ್ಟು, ಪ್ರೊಸೆಸರ್ ಎಷ್ಟು. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಹಾಳೆ ಬೇಕಾಗುತ್ತದೆ.

ಡಿಸ್ಕ್ ಫೈಲನ್ನು ಬದಲಿಸುವುದು

ಪ್ರತಿ ತಂತ್ರಾಂಶಕ್ಕೂ ತನ್ನದೇ ಡಿಸ್ಕ್ ಬಗೆ ಇದೆ. ವರ್ಚುವಲ್‌ಬಾಕ್ಸಿಗೆ ವಿಡಿಐ, ವಿಎಂವೇರ್‌ಗೆ ವಿಎಂಡಿಕೆ, ಮೈಕ್ರೋಸಾಫ್ಟಿನ ಹೈಪರ್‌-ವಿಗೆ ವಿಎಚ್‌ಡಿ ಮತ್ತು ವಿಎಚ್‌ಡಿಎಕ್ಸ್, ಕೆವಿಎಂಗೆ ಕ್ಯೂಕೌ2 ಅಥವಾ ಕಚ್ಚಾ ಡಿಸ್ಕ್. ಇವೆಲ್ಲವನ್ನೂ ಓದಿ ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಸಾಧನ ಕೆವಿಎಂ ಜೊತೆಗೂಡಿ ಕೆಲಸ ಮಾಡುವ ಕ್ಯೂಎಮು ತಂತ್ರಾಂಶದಲ್ಲಿ ಬರುವ ಕ್ಯೂಎಮು-ಐಎಂಜಿ. ಟರ್ಮಿನಲ್‌ನಲ್ಲಿ ಅದರ ಹೆಸರು ಬರೆದು, ಕನ್ವರ್ಟ್ ಎಂಬ ಪದ ಸೇರಿಸಿ, ಸಣ್ಣ ಅಕ್ಷರದ ಎಫ್ ಆಯ್ಕೆಯ ಮುಂದೆ ಮೂಲದ ಬಗೆಯನ್ನು, ದೊಡ್ಡ ಅಕ್ಷರದ ಓ ಆಯ್ಕೆಯ ಮುಂದೆ ಬೇಕಾದ ಬಗೆಯನ್ನು ಹೇಳಿ, ನಂತರ ಮೂಲ ಫೈಲು ಮತ್ತು ಹೊಸ ಫೈಲುಗಳ ಹೆಸರು ಕೊಡಬೇಕು. ಸಣ್ಣ ಅಕ್ಷರದ ಪಿ ಸೇರಿಸಿದರೆ ಶೇಕಡಾ ಎಷ್ಟು ಮುಗಿಯಿತೆಂದು ತೋರಿಸುತ್ತದೆ. ದೊಡ್ಡ ಡಿಸ್ಕ್ ಇದ್ದಾಗ ಅದು ಮನಸ್ಸಿಗೆ ನೆಮ್ಮದಿ. ಬದಲಿಸುವ ಮೊದಲು ಇದೇ ಸಾಧನದ ಇನ್‌ಫೋ ಆದೇಶವನ್ನು ಮೂಲ ಫೈಲಿನ ಮೇಲೆ ಓಡಿಸಿ. ಡಿಸ್ಕಿನ ನಿಜವಾದ ಗಾತ್ರ ಸರಿಯಾಗಿ ಕಂಡರೆ ಫೈಲು ಪೂರ್ತಿಯಾಗಿ ಬಂದಿದೆ ಎಂಬ ಮೊದಲ ಭರವಸೆ ಸಿಗುತ್ತದೆ.

ವಿಎಂಡಿಕೆ ವಿಷಯದಲ್ಲಿ ಒಂದು ಎಚ್ಚರಿಕೆ. ಹಲವು ವೇಳೆ ಅದು ಒಂದೇ ಫೈಲಲ್ಲ. ಒಂದು ಕಿಲೋಬೈಟ್‌ನಷ್ಟಿರುವ ಪುಟ್ಟ ವಿವರಣೆ ಫೈಲು ಒಂದು, ದತ್ತಾಂಶ ತುಂಬಿರುವ ದೊಡ್ಡ ಫೈಲು ಇನ್ನೊಂದು. ಇಎಸ್‌ಎಕ್ಸ್‌ಐನಲ್ಲಿ ದೊಡ್ಡದರ ಹೆಸರಿನಲ್ಲಿ ಫ್ಲ್ಯಾಟ್ ಎಂದಿರುತ್ತದೆ. ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ ಎಸ್001, ಎಸ್002 ಎಂದು ತುಂಡುಗಳಾಗಿರಬಹುದು. ಕ್ಯೂಎಮು-ಐಎಂಜಿಗೆ ಕೊಡಬೇಕಾದದ್ದು ಪುಟ್ಟ ಫೈಲಿನ ಹೆಸರು, ಆದರೆ ಮಿಕ್ಕವೆಲ್ಲ ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ ಇರಬೇಕು. ಚೆನ್ನಾಗಿ ಕಾಣಲೆಂದು ಹೆಸರು ಬದಲಿಸಿದರೆ ಫೈಲು ಸಿಗಲಿಲ್ಲ ಎಂಬ ದೋಷ ಬರುತ್ತದೆ. ಪುಟ್ಟದು ಬರೀ ಪಠ್ಯ. ಎಡಿಟರ್‌ನಲ್ಲಿ ತೆರೆದರೆ ಅದು ಯಾವ ಹೆಸರುಗಳನ್ನು ಹುಡುಕುತ್ತಿದೆ ಎಂದು ಕಣ್ಣಾರೆ ನೋಡಬಹುದು.

ಪೆನ್‌ಡ್ರೈವಿನಲ್ಲಿ ಸಾಗಿಸುವವರ ನಕಲು 4 ಜಿಬಿ ಹತ್ತಿರ ಬಂದು ನಿಂತರೆ ಪೆನ್‌ಡ್ರೈವ್ ಫ್ಯಾಟ್32 ಬಗೆಯದ್ದು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ವಿಎಂ ಅನ್ನು ಒಂದೇ ಫೈಲಿನಲ್ಲಿ ಕಟ್ಟುವ ಒವಿಎ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ ಸಾಗಿಸುವುದು ಇನ್ನೊಂದು ದಾರಿ. ಕೇಳಲು ಚೆನ್ನಾಗಿದೆ, ಎಲ್ಲರೂ ಒಪ್ಪಿದ ಮಾನಕ. ಆದರೆ ವರ್ಚುವಲ್‌ಬಾಕ್ಸಿನ ಒವಿಎಯನ್ನು ವಿಎಂವೇರ್‌ಗೆ ಕೊಟ್ಟರೆ, ವರ್ಚುವಲ್‌ಬಾಕ್ಸ್-2.2 ಎಂಬ ಯಂತ್ರಾಂಶ ಕುಟುಂಬ ತನಗೆ ಗೊತ್ತಿಲ್ಲ ಎಂದು ತಿರಸ್ಕರಿಸುವುದುಂಟು. ವರ್ಕ್‌ಸ್ಟೇಷನ್ ಆದರೆ ರಿಟ್ರೈ ಗುಂಡಿ ಕೊಡುತ್ತದೆ. ಅದನ್ನು ಒತ್ತಿದರೆ ನಿಯಮ ಸಡಿಲಿಸಿ ಮುಂದುವರಿಯುತ್ತದೆ. ಅಷ್ಟಕ್ಕೂ ಆಗದಿದ್ದರೆ ಒವಿಎಯನ್ನು ಬಿಚ್ಚಿ. ಅದು ಒಂದು ಟಾರ್ ಕಟ್ಟು ಅಷ್ಟೇ, 7-ಜಿಪ್ ಕೂಡ ಬಿಚ್ಚುತ್ತದೆ. ಒಳಗೆ ಒವಿಎಫ್ ಎಂಬ ಪಠ್ಯ ಫೈಲು, ಡಿಸ್ಕು, ಮತ್ತು ಎಂಎಫ್ ಎಂಬ ಪಟ್ಟಿ ಇರುತ್ತವೆ. ಒವಿಎಫ್‌ನಲ್ಲಿ ವರ್ಚುವಲ್‌ಬಾಕ್ಸ್-2.2 ಎಂದಿರುವಲ್ಲಿ ವಿಎಂಎಕ್ಸ್-07 ಎಂದು ತಿದ್ದಿ. ತಿದ್ದಿದ ಕೂಡಲೇ ಎಂಎಫ್ ಪಟ್ಟಿಯಲ್ಲಿರುವ ಹ್ಯಾಶ್, ಅಂದರೆ ಫೈಲು ಬದಲಾಗಿಲ್ಲ ಎಂದು ಪರೀಕ್ಷಿಸುವ ಸಂಖ್ಯೆ, ಹೊಂದದೆ ಹೊಸ ದೋಷ ಬರುತ್ತದೆ, ಆದ್ದರಿಂದ ಎಂಎಫ್ ಫೈಲನ್ನು ತೆಗೆದು ಒವಿಎಫ್ ಅನ್ನೇ ಇಂಪೋರ್ಟ್ ಮಾಡಿ. ಕೆವಿಎಂಗೆ ಹೋಗುವವರಿಗೆ ಈ ತಾಪತ್ರಯವಿಲ್ಲ. ಬಿಚ್ಚಿದ ಕಟ್ಟಿನಿಂದ ಡಿಸ್ಕನ್ನಷ್ಟೇ ತೆಗೆದುಕೊಂಡರೆ ಸಾಕು.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಆದೇಶದ ಮೂಲಕ ಡಿಸ್ಕ್ ಇಂಪೋರ್ಟ್ ಮಾಡಿದಾಗ ಅದು ಹಾರ್ಡ್‌ವೇರ್ ಪಟ್ಟಿಯಲ್ಲಿ ಅನ್‌ಯೂಸ್ಡ್ ಡಿಸ್ಕ್ ಎಂದು ಬರಬಹುದು. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಜೋಡಿಸಬೇಕು, ಆಮೇಲೆ ಆಯ್ಕೆಗಳ ಪುಟಕ್ಕೆ ಹೋಗಿ ಬೂಟ್ ಕ್ರಮದಲ್ಲಿ ಟಿಕ್ ಹಾಕಬೇಕು. ಎರಡನೆಯದನ್ನು ಮರೆತು ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರು ಬಹಳ ಮಂದಿ.

ಮೊದಲ ಬೂಟ್

ಬೂಟ್ ಮಾಡಲು ಡಿಸ್ಕೇ ಇಲ್ಲ ಎಂಬ ಸಂದೇಶ ಬಂದು ಪರದೆ ನಿಂತರೆ ಮೊದಲು ಫರ್ಮ್‌ವೇರ್ ಅನ್ನು ಶಂಕಿಸಿ. ಯುಇಎಫ್‌ಐನಲ್ಲಿ ಸ್ಥಾಪಿಸಿದ ವ್ಯವಸ್ಥೆ ಬಯಾಸ್‌ನಲ್ಲಿ ಏಳುವುದಿಲ್ಲ, ಬಯಾಸ್‌ನದು ಯುಇಎಫ್‌ಐನಲ್ಲಿ ಏಳುವುದಿಲ್ಲ. ಹಾಳೆಯಲ್ಲಿ ಬರೆದುಕೊಂಡದ್ದು ಈಗ ಉಪಯೋಗಕ್ಕೆ ಬಂತು. ಬರೆದಿಲ್ಲವಾದರೆ ಡಿಸ್ಕಿನ ವಿಭಜನೆ ಯಾವ ಬಗೆಯದೆಂದು ನೋಡಿ: ಎಂಬಿಆರ್ ಆದರೆ ಬಹುಮಟ್ಟಿಗೆ ಬಯಾಸ್; ಜಿಪಿಟಿ ಆಗಿದ್ದು, ಫ್ಯಾಟ್32 ಬಗೆಯ ಒಂದು ಸಣ್ಣ ಇಎಫ್‌ಐ ವಿಭಾಗವಿದ್ದರೆ ಯುಇಎಫ್‌ಐ. ಹೈಪರ್‌-ವಿಯಿಂದ ಬರುವವರಿಗೆ ಲೆಕ್ಕ ಸುಲಭ: ಮೊದಲ ತಲೆಮಾರಿನ ವಿಎಂ ಬಯಾಸ್, ಎರಡನೆಯ ತಲೆಮಾರಿನದು ಯುಇಎಫ್‌ಐ.

ಯುಇಎಫ್‌ಐ ಎಂದೇ ಕೊಟ್ಟರೂ ಏಳದಿದ್ದರೆ, ಬೂಟ್ ನಮೂದುಗಳು ಡಿಸ್ಕಿನಲ್ಲಿಲ್ಲದೆ ಹಳೆಯ ಯಂತ್ರದ ಫರ್ಮ್‌ವೇರ್ ಸ್ಮರಣೆಯಲ್ಲಿ ಉಳಿದುಹೋಗಿವೆ ಎಂದರ್ಥ. ಫರ್ಮ್‌ವೇರ್ ಮೆನು ತೆರೆದು, ಫೈಲಿನಿಂದ ಬೂಟ್ ಮಾಡುವ ಆಯ್ಕೆ ಹಿಡಿದು, ಇಎಫ್‌ಐ ಫೋಲ್ಡರು, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಬೂಟ್, ಅಲ್ಲಿ ಬೂಟ್‌ಎಂಜಿಎಫ್‌ಡಬ್ಲ್ಯು ಎಂಬ ಫೈಲನ್ನು ತೋರಿಸಿದರೆ ವಿಂಡೋಸ್ ಏಳುತ್ತದೆ.

ಇನ್ನು ನೀಲಿ ಪರದೆ. ಎಕ್ಸ್‌ಪಿಯಲ್ಲಿ ಅದು ಓದಲಾಗದಷ್ಟು ಬೇಗ ಮಾಯವಾಗುತ್ತದೆ. ಬೂಟ್ ಆಗುವಾಗ ಎಫ್8 ಒತ್ತಿ, ದೋಷ ಬಂದಾಗ ತಾನಾಗಿ ಮರುಪ್ರಾರಂಭವಾಗುವುದನ್ನು ನಿಲ್ಲಿಸುವ ಆಯ್ಕೆ ಹಿಡಿಯಿರಿ. ಅಚ್ಚುಕೂಟದಲ್ಲಿ ಹಾಗೆ ಮಾಡಿದಾಗ ಪರದೆ ನಿಂತು ಸಂಖ್ಯೆ ಕಂಡಿತು: ಕೊನೆಯಲ್ಲಿ 7ಬಿ. ಹೊಸ ವಿಂಡೋಸ್‌ಗಳಲ್ಲಿ ಇದೇ ದೋಷ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ಹೆಸರಿನಲ್ಲಿ ಬರುತ್ತದೆ. ವಿಂಡೋಸ್ ಅರ್ಧ ಎದ್ದು, ತಾನು ಕೂತಿರುವ ಡಿಸ್ಕನ್ನೇ ಮುಟ್ಟಲು ತನ್ನಲ್ಲಿ ಡ್ರೈವರ್ ಇಲ್ಲ ಎನ್ನುತ್ತಿದೆ.

ಎಕ್ಸ್‌ಪಿ ವಿಚಾರ ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಳೆಯ ಕನ್ನಡ ಫಾಂಟು, ಹಳೆಯ ಲೆಕ್ಕದ ತಂತ್ರಾಂಶಗಳಿಗಾಗಿ ಅದನ್ನು ಜೋಪಾನ ಮಾಡಿಕೊಂಡ ಊರಿನ ಅಂಗಡಿ, ಕಚೇರಿಗಳು ಇನ್ನೂ ಇವೆ. ವರ್ಚುವಲ್‌ಬಾಕ್ಸ್ ಎಕ್ಸ್‌ಪಿಗೆ ತೋರಿಸುವ ಐಡಿಇ ಕಂಟ್ರೋಲರ್ ಇಂಟೆಲ್‌ನ ಪಿಐಐಎಕ್ಸ್4. ಕ್ಯೂಎಮು ತೋರಿಸುವುದು ಪಿಐಐಎಕ್ಸ್3. ಎರಡೂ ಐಡಿಇ, ಒಂದೇ ಮನೆತನ. ಆದರೂ ಎಕ್ಸ್‌ಪಿ ತನಗೆ ಪರಿಚಯವಿರುವ ಒಂದನ್ನೇ ಹುಡುಕುತ್ತದೆ. ಮಾಡಬೇಕಾದದ್ದು ಹೀಗೆ.

1. ಹಳೆಯ ವರ್ಚುವಲ್‌ಬಾಕ್ಸಿಗೆ ಮರಳಿ ಎಕ್ಸ್‌ಪಿಯನ್ನು ಎಬ್ಬಿಸಿ. ಮೂಲವನ್ನು ಅಳಿಸದೆ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ.
2. ಡಿವೈಸ್ ಮ್ಯಾನೇಜರ್ ತೆರೆದು ಐಡಿಇ ಕಂಟ್ರೋಲರ್‌ಗಳ ಗುಂಪನ್ನು ಬಿಡಿಸಿ. ಅಲ್ಲಿ ಇಂಟೆಲ್ 82371ಎಬಿ/ಇಬಿ ಎಂಬ ಹೆಸರು ಕಾಣುತ್ತದೆ.
3. ಅದರ ಡ್ರೈವರ್ ಅಪ್‌ಡೇಟ್ ಮಾಡಲು ಹೇಳಿ, ಇಂಟರ್ನೆಟ್‌ನಲ್ಲಿ ಹುಡುಕಬೇಡ, ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ದಾರಿ ಹಿಡಿಯಿರಿ. ಪಟ್ಟಿಯಲ್ಲಿ ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್ ಪಿಸಿಐ ಐಡಿಇ ಕಂಟ್ರೋಲರ್ ಇರುತ್ತದೆ, ಅದನ್ನು ಆರಿಸಿ.
4. ರೀಸ್ಟಾರ್ಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ನೇರವಾಗಿ ಶಟ್‌ಡೌನ್ ಮಾಡಿ, ಆ ಸ್ಥಿತಿಯಲ್ಲಿರುವ ಡಿಸ್ಕನ್ನು ಮತ್ತೆ ಕನ್ವರ್ಟ್ ಮಾಡಿ.

ಹೊಸ ಜಾಗದಲ್ಲಿ ಕೆವಿಎಂನ ವಿಎಂಗಳನ್ನು ನಿರ್ವಹಿಸುವ ವರ್ಟ್-ಮ್ಯಾನೇಜರ್ ಬಳಸುತ್ತಿದ್ದರೆ, ಹೊಸ ವಿಎಂ ಮಾಡುವ ಕೊನೆಯ ಹಂತದಲ್ಲಿ ಸ್ಥಾಪನೆಗೆ ಮುನ್ನ ಬದಲಾವಣೆ ಮಾಡುವ ಚೌಕಕ್ಕೆ ಟಿಕ್ ಹಾಕಿ, ಚಿಪ್‌ಸೆಟ್ ಜಾಗದಲ್ಲಿ ಐ440ಎಫ್‌ಎಕ್ಸ್ ಆರಿಸಿ. ಕ್ಯೂ35 ಚಿಪ್‌ಸೆಟ್ ಡಿಸ್ಕನ್ನು ಸಾಟಾ ಮೇಲೆ ಕೂರಿಸುತ್ತದೆ, ಎಕ್ಸ್‌ಪಿಗೆ ಅದರ ಡ್ರೈವರ್ ಇಲ್ಲ. ಡಿಸ್ಕ್ ಬಸ್ ಐಡಿಇ ಇರಲಿ, ನೆಟ್‌ವರ್ಕ್ ಕಾರ್ಡ್ ಆರ್‌ಟಿಎಲ್8139 ಇರಲಿ. ಇವೆರಡನ್ನೂ ಎಕ್ಸ್‌ಪಿ ಹುಟ್ಟಿನಿಂದಲೇ ಬಲ್ಲದು. ನೆಟ್‌ವರ್ಕ್ ಅನಿವಾರ್ಯವಲ್ಲದಿದ್ದರೆ ಕಾರ್ಡನ್ನೇ ತೆಗೆದುಬಿಡಿ ಎಂಬುದು ನನ್ನ ಸಲಹೆ. ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿದೆ.

ವಿಂಡೋಸ್ 10, 11 ಅಥವಾ ಸರ್ವರ್ ಆವೃತ್ತಿಗಳಲ್ಲಿ ಇದು ಇಷ್ಟು ಕಷ್ಟವಿಲ್ಲ. ಮೊದಲ ಬೂಟ್‌ಗೆ ಡಿಸ್ಕನ್ನು ಸಾಟಾ ಮೇಲೆ ಕೊಡಿ, ಸಾಮಾನ್ಯವಾಗಿ ಏಳುತ್ತದೆ. ಜನ ಎಡವುವುದು ಮೊದಲ ಸಲವೇ ವರ್ಟ್‌ಐಒ, ಅಂದರೆ ವಿಎಂಗಳಿಗೆಂದೇ ಮಾಡಿದ ಜೋಡಣೆಯ ಬಗೆ, ಕೊಟ್ಟು. ವರ್ಟ್‌ಐಒ ವೇಗವಾದದ್ದು ನಿಜ, ಆದರೆ ಅದರ ಡ್ರೈವರ್ ವಿಂಡೋಸ್ ಜೊತೆ ಬರುವುದಿಲ್ಲ. ಸಾಟಾ ಮೇಲೆ ಎದ್ದ ನಂತರ ವರ್ಟ್‌ಐಒ-ವಿನ್ ಎಂಬ ಐಎಸ್‌ಒ ಡಿಸ್ಕನ್ನು ಜೋಡಿಸಿ ಡ್ರೈವರ್‌ಗಳನ್ನು ಸ್ಥಾಪಿಸಿ. ಅಷ್ಟಕ್ಕೇ ಬೂಟ್ ಡಿಸ್ಕನ್ನು ಬದಲಿಸಿದರೆ ಮತ್ತೆ ಅದೇ ನೀಲಿ ಪರದೆ ಬರಬಹುದು. ಆ ಡ್ರೈವರನ್ನು ಬೂಟ್ ಹೊತ್ತಿಗೇ ಎತ್ತಿಕೊಳ್ಳಬೇಕೆಂದು ವಿಂಡೋಸ್‌ಗೆ ಗೊತ್ತಾಗಿರುವುದಿಲ್ಲ. ಅದಕ್ಕಾಗಿ ವಿಎಂ ನಿಲ್ಲಿಸಿ, 1 ಜಿಬಿಯ ಒಂದು ಖಾಲಿ ಡಿಸ್ಕನ್ನು ವರ್ಟ್‌ಐಒ ಮೇಲೆ ಸೇರಿಸಿ, ಮತ್ತೆ ಎಬ್ಬಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಂಟ್ರೋಲರ್ ಹಳದಿ ಗುರುತಿಲ್ಲದೆ ಕಂಡ ಮೇಲೆ ನಿಲ್ಲಿಸಿ, ಖಾಲಿ ಡಿಸ್ಕ್ ತೆಗೆದು, ಮುಖ್ಯ ಡಿಸ್ಕನ್ನು ವರ್ಟ್‌ಐಒಗೆ ಬದಲಿಸಿ. ಬೂಟ್ ಕ್ರಮವನ್ನು ಮತ್ತೊಮ್ಮೆ ನೋಡಿ, ಬಸ್ ಬದಲಾದಾಗ ಟಿಕ್ ಬಿದ್ದುಹೋಗಿರುತ್ತದೆ.

ಲಿನಕ್ಸ್ ಗೆಸ್ಟ್‌ಗಳಲ್ಲಿ, ಅಂದರೆ ಲಿನಕ್ಸ್ ಓಡುವ ವಿಎಂಗಳಲ್ಲಿ, ಡೆಬಿಯನ್ ಮತ್ತು ಉಬುಂಟು ಸಾಮಾನ್ಯವಾಗಿ ಸದ್ದಿಲ್ಲದೆ ಏಳುತ್ತವೆ, ಬೂಟ್ ಆರಂಭದಲ್ಲಿ ಅವು ಓದುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಟ್ಟಿನಲ್ಲಿ ಬಹುಪಾಲು ಡ್ರೈವರ್‌ಗಳು ಇರುತ್ತವೆ. ರೆಡ್‌ಹ್ಯಾಟ್ ಬಳಗದವು ಹಾಗಲ್ಲ. ಅಲ್ಲಿ ಆ ಕಟ್ಟನ್ನು ಮಾಡುವ ಡ್ರೇಕಟ್, ಆ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನು ಮಾತ್ರ ಕಟ್ಟಿಕೊಂಡಿರುತ್ತದೆ. ಹೊಸ ಜಾಗದಲ್ಲಿ ಎರಡು ಮೂರು ನಿಮಿಷ ಸುಮ್ಮನಿದ್ದು, ಟೈಮ್‌ಔಟ್ ಎಂಬ ಸಾಲುಗಳನ್ನು ಉಗುಳಿ, ಡ್ರೇಕಟ್ ತುರ್ತು ಶೆಲ್‌ಗೆ ಬೀಳುತ್ತದೆ. ಗಾಬರಿ ಬೇಡ. ಮರುಪ್ರಾರಂಭಿಸಿ, ಗ್ರಬ್ ಮೆನುವಿನಲ್ಲಿ ರೆಸ್ಕ್ಯೂ ಎಂದಿರುವ ಕರ್ನಲ್ ಆರಿಸಿ. ಅದರಲ್ಲಿ ಎಲ್ಲ ಡ್ರೈವರ್‌ಗಳೂ ಇರುವುದರಿಂದ ಏಳುತ್ತದೆ. ಎದ್ದ ಮೇಲೆ ಡ್ರೇಕಟ್ ಅನ್ನು ಫೋರ್ಸ್, ನೋ-ಹೋಸ್ಟ್‌ಓನ್ಲಿ, ರೀಜನರೇಟ್-ಆಲ್ ಆಯ್ಕೆಗಳೊಂದಿಗೆ ಓಡಿಸಿ ಮರುಪ್ರಾರಂಭಿಸಿ. ಡಿಸ್ಕ್ ವಿಭಾಗಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಎಸ್‌ಡಿಎ1 ಎಂಬ ಹಳೆಯ ಹೆಸರುಗಳಿದ್ದರೆ ಅವನ್ನು ಯುಯುಐಡಿ ಎಂಬ ಬದಲಾಗದ ಗುರುತಿಗೆ ಬದಲಿಸಿ; ವರ್ಟ್‌ಐಒ ಮೇಲೆ ಅದೇ ಡಿಸ್ಕಿನ ಹೆಸರು ವಿಡಿಎ1 ಆಗಿಬಿಡುತ್ತದೆ.

ಎದ್ದಿತು, ಆದರೆ ನೆಟ್‌ವರ್ಕ್ ಇಲ್ಲ

ಲಿನಕ್ಸಿನಲ್ಲಿ ಕಾರಣ ಹೆಚ್ಚಾಗಿ ಹೆಸರು. ವಿಎಂವೇರ್‌ನಲ್ಲಿ ಇಎನ್‌ಎಸ್33 ಎಂದಿದ್ದ ಕಾರ್ಡು ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಎನ್‌ಎಸ್18 ಆಗುತ್ತದೆ, ವರ್ಚುವಲ್‌ಬಾಕ್ಸ್‌ನಲ್ಲಿ ಇಎನ್‌ಪಿ0ಎಸ್3. ನೆಟ್‌ವರ್ಕ್ ಸಂಯೋಜನೆ ಬರೆದಿರುವ ನೆಟ್‌ಪ್ಲಾನ್ ಫೈಲು ಇನ್ನೂ ಹಳೆಯ ಹೆಸರನ್ನೇ ಹಿಡಿದು ಕಾಯುತ್ತಿರುತ್ತದೆ. ಐಪಿ ಲಿಂಕ್ ಆದೇಶ ಕೊಟ್ಟು ಈಗಿನ ಹೆಸರು ನೋಡಿ ಫೈಲಿನಲ್ಲಿ ತಿದ್ದಿ. ತಿದ್ದುವಾಗ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಅದೇ ಫೈಲಿನಲ್ಲಿ ಮ್ಯಾಕ್ ವಿಳಾಸ ಬರೆದಿದ್ದರೆ ಅದನ್ನೂ ತಿದ್ದಬೇಕು, ಇಲ್ಲವೇ ಹೊಸ ವಿಎಂಗೆ ಹಾಳೆಯಲ್ಲಿರುವ ಹಳೆಯ ಮ್ಯಾಕ್ ವಿಳಾಸವನ್ನೇ ಕೊಡಬೇಕು. ರೂಟರಿನಲ್ಲಿ ಮ್ಯಾಕ್ ನೋಡಿ ಐಪಿ ಕೊಡುವ ವ್ಯವಸ್ಥೆ ಇದ್ದವರಿಗೆ ಎರಡನೆಯದೇ ಒಳ್ಳೆಯದು. ಆದರೆ ಹಳೆಯ ವಿಎಂ ಮತ್ತು ಹೊಸ ವಿಎಂ ಒಂದೇ ನೆಟ್‌ವರ್ಕಿನಲ್ಲಿ ಒಟ್ಟಿಗೆ ಓಡದಂತೆ ನೋಡಿಕೊಳ್ಳಿ.

ವಿಂಡೋಸ್‌ನಲ್ಲಿ ಹಳೆಯ ಐಪಿ ವಿಳಾಸ ಹಾಕಲು ಹೋದರೆ, ಅದು ಬೇರೊಂದು ಕಾರ್ಡಿಗೆ ಕೊಟ್ಟಾಗಿದೆ ಎನ್ನುತ್ತದೆ. ಆ ಬೇರೊಂದು ಕಾರ್ಡು ಈಗ ಇಲ್ಲದ ಹಳೆಯದು. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಮರೆಯಾಗಿರುವ ಸಾಧನಗಳನ್ನು ತೋರಿಸಲು ಹೇಳಿದರೆ ಮಂಕು ಬಣ್ಣದಲ್ಲಿ ಕಾಣುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ.

ಗಡಿಯಾರ ಐದೂವರೆ ಗಂಟೆ ಹಿಂದೆ

ಇದು ನಮ್ಮ ದೇಶದಲ್ಲಿ ಕೂಡಲೇ ಗುರುತು ಹಿಡಿಯಬಹುದಾದ ತೊಂದರೆ. ಬೇರೆ ಹೇಳದಿದ್ದರೆ ಕೆವಿಎಂ ತನ್ನ ಗೆಸ್ಟ್‌ಗೆ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಕೊಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದು ನಂಬುತ್ತದೆ. ಬೆಳಿಗ್ಗೆ ಹತ್ತಕ್ಕೆ ಎಬ್ಬಿಸಿದರೆ ಮುಂಜಾವ ನಾಲ್ಕೂವರೆ ತೋರಿಸುತ್ತದೆ. ಒಳಗೆ ಗಡಿಯಾರ ತಿದ್ದಿದರೆ ಸಾಲದು, ಮತ್ತೆ ತಪ್ಪಬಹುದು. ವಿಎಂ ಸಂಯೋಜನೆಯಲ್ಲಿ ಕ್ಲಾಕ್ ಆಫ್‌ಸೆಟ್ ಜಾಗದಲ್ಲಿ ಲೋಕಲ್‌ಟೈಮ್ ಎಂದು ಹಾಕಿ. ಲೆಕ್ಕಪತ್ರದ ತಂತ್ರಾಂಶ ಓಡುವ ಯಂತ್ರವಾದರೆ ಇದನ್ನು ಸರಿಮಾಡದೆ ಒಂದು ಬಿಲ್ಲನ್ನೂ ನಮೂದಿಸಬೇಡಿ; ನಸುಕಿನಲ್ಲಿ ಮಾಡಿದ ನಮೂದು ಹಿಂದಿನ ದಿನದ ತಾರೀಖಿಗೆ ಬೀಳುತ್ತದೆ.

ವಿಂಡೋಸ್ ಹೋಸ್ಟ್ (ವಿಎಂ ಹೊತ್ತ ನಿಜವಾದ ಕಂಪ್ಯೂಟರ್) ಮೇಲಿನ ವರ್ಚುವಲ್‌ಬಾಕ್ಸಿಗೆ ಸಾಗಿಸಿದವರಿಗೆ ವಿಎಂ ತೀರಾ ನಿಧಾನವೆನಿಸಿದರೆ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರವಿದ್ದರೆ ಹೋಸ್ಟ್‌ನಲ್ಲಿ ಹೈಪರ್‌-ವಿ ಚಾಲೂ ಇದೆ, ವರ್ಚುವಲ್‌ಬಾಕ್ಸ್ ಅದರ ಮೇಲೆ ಕೂತು ಓಡುತ್ತಿದೆ. ವಿಂಡೋಸ್ ಫೀಚರ್‌ಗಳಲ್ಲಿ ಹೈಪರ್‌-ವಿಯನ್ನೂ ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮನ್ನೂ, ಭದ್ರತಾ ಸಂಯೋಜನೆಯಲ್ಲಿ ಮೆಮೊರಿ ಇಂಟೆಗ್ರಿಟಿಯನ್ನೂ ಆಫ್ ಮಾಡಿದರೆ ಸಾಮಾನ್ಯವಾಗಿ ಆಮೆ ಹೋಗುತ್ತದೆ. ಆದರೆ ಮೆಮೊರಿ ಇಂಟೆಗ್ರಿಟಿ ಒಂದು ರಕ್ಷಣೆ. ಕಚೇರಿಯ ಕಂಪ್ಯೂಟರ್ ಆದರೆ ಕೇಳಿ ಮಾಡಿ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ಬಳಸುವವರಿಗೆ ಅದೂ ನಿಂತುಹೋಗುತ್ತದೆ.

ಅಚ್ಚುಕೂಟದ ಎಕ್ಸ್‌ಪಿ ಕಂಟ್ರೋಲರ್ ಬದಲಿಸಿದ ಮೇಲೆ ಮೊದಲ ಯತ್ನಕ್ಕೇ ಎದ್ದಿತು. ಹೊಸ ಯಂತ್ರಾಂಶ ಸಿಕ್ಕಿತು ಎಂಬ ಪುಟ್ಟ ಕಿಟಕಿಗಳು ಒಂದರ ಹಿಂದೊಂದು ಬಂದವು, ಎಲ್ಲದಕ್ಕೂ ಒಪ್ಪಿಗೆ ಕೊಟ್ಟೆ. ಯಜಮಾನರು ತಾವೇ ಕೂತು ಹಳೆಯ ಲಗ್ನಪತ್ರಿಕೆಯೊಂದನ್ನು ತೆರೆದು, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಪರದೆಗೆ ಮುಖವಿಟ್ಟು ನೋಡಿದರು. ಆದರೆ ಕೆಲಸ ಇನ್ನೂ ಬಾಕಿಯಿತ್ತು. ಅವರ ಇನ್ನೊಂದು ಫಾಂಟ್ ತಂತ್ರಾಂಶಕ್ಕೆ ಪರವಾನಗಿಯ ಕೀಲಿಯಂತಿರುವ ಯುಎಸ್‌ಬಿ ಡಾಂಗಲ್ ಬೇಕಿತ್ತು. ವರ್ಟ್-ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಸೇರಿಸುವ ಕಿಟಕಿಯಲ್ಲಿ ಯುಎಸ್‌ಬಿ ಹೋಸ್ಟ್ ಡಿವೈಸ್ ಆರಿಸಿ ಡಾಂಗಲನ್ನು ಒಳಗೆ ಕೊಟ್ಟ ಮೇಲೆ ಅದೂ ತೆರೆಯಿತು. ನಿಮ್ಮ ಪರೀಕ್ಷೆಯೂ ಅಲ್ಲಿಯವರೆಗೆ ಹೋಗಲಿ: ಡೆಸ್ಕ್‌ಟಾಪ್ ಕಂಡಿತೆಂದು ನಿಲ್ಲಿಸಬೇಡಿ, ದಿನವೂ ಮಾಡುವ ಕೆಲಸವನ್ನು ಮುದ್ರಣದವರೆಗೆ ಒಮ್ಮೆ ಮಾಡಿ ನೋಡಿ. ಹಳೆಯ ವಿಎಂ ಫೋಲ್ಡರಿನ ಹೆಸರಿಗೆ ಸಾಗಿಸಿದ ತಾರೀಖು ಸೇರಿಸಿ ಒಂದು ತಿಂಗಳು ಹಾಗೆಯೇ ಇಡಿ. ತಿಂಗಳ ಕೊನೆಯಲ್ಲಷ್ಟೇ ಮಾಡುವ ಕೆಲಸಗಳೂ ಹೊಸ ಜಾಗದಲ್ಲಿ ಒಮ್ಮೆ ಆದ ಮೇಲೆ ಅಳಿಸಬಹುದು.